ತೋನ್ಸೆ ಪಾರಿನ ಕಲ್ಲು ತೋರಿಸುವ ಕೆಲಸ

ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ, ಅಂದರೆ ನಮ್ಮ ತೋನ್ಸೆ ಪಾರಿಗೆ, ಬರುವವರಲ್ಲಿ ಹೆಚ್ಚಿನವರು ಬೋಟ್ ಇಳಿದು, ಫೋಟೋ ತೆಗೆದು, ನೀರಲ್ಲಿ ಆಡಿ ವಾಪಸ್ ಹೋಗುತ್ತಾರೆ. ಕಾಲ ಕೆಳಗಿರುವ ಕಲ್ಲು ಎಂಥದ್ದು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಆ ಕೆಲಸವನ್ನು ಈಗ ನಾವು ಊರಿನ ಕೆಲವರು ಸೇರಿ ಮಾಡುತ್ತಿದ್ದೇವೆ. ಎಲ್ಲರೂ ಮೀನುಗಾರರ ಮನೆಯವರೇ. ಬೋಟ್ ನಮ್ಮದಲ್ಲ, ಎಲ್ಲರ ಹಾಗೆ ಟಿಕೆಟ್ ತೆಗೆದುಕೊಂಡೇ ಹೋಗುತ್ತೇವೆ. ದ್ವೀಪದ ಮೇಲಿನ ನಡಿಗೆ ಮಾತ್ರ ನಮ್ಮದು.

ಭೂವಿಜ್ಞಾನ ಪಾಠ ಮಾಡಿ ನಿವೃತ್ತರಾದ ಮಾಸ್ಟ್ರೊಬ್ಬರು ನಮಗೆ ಕಲಿಸಿದರು. ಯಾವ ಕಡೆ ಸೆಳೆತ ಜಾಸ್ತಿ, ಯಾವ ಕಲ್ಲಿನ ಮೇಲೆ ಪಾಚಿ, ಭರತ (ಕಡಲಿನ ಉಬ್ಬರ) ಎಷ್ಟು ಹೊತ್ತಿಗೆ ಏರುತ್ತದೆ, ಇದೆಲ್ಲ ನಮಗೆ ಸಣ್ಣಂದಿನಿಂದ ಗೊತ್ತು. ಕಲ್ಲು ಅವರಿಗೆ ಗೊತ್ತಿತ್ತು. ಎರಡೂ ಸೇರಿದ ಮೇಲೆ ನಡಿಗೆಗೆ ಒಂದು ರೂಪ ಬಂತು.

ಇಳಿತದ ಹೊತ್ತು ನೋಡಿ ಹೊರಡುತ್ತೇವೆ. ಆಗ ದ್ವೀಪದ ಕಲ್ಲಿನ ಕಂಬಗಳ ಬುಡದವರೆಗೆ ನೋಡಬಹುದು, ಕಲ್ಲಿನ ಸಂದಿಯ ನೀರಲ್ಲಿ ಏಡಿ, ಸಣ್ಣ ಮೀನು, ಪಚ್ಚಿಲೆ ಚಿಪ್ಪು ಕಾಣುತ್ತವೆ. ಒಂದು ಗುಂಪಿಗೆ 15 ಜನ ಸಾಕು. ಅದಕ್ಕಿಂತ ಜಾಸ್ತಿಯಾದರೆ ಹಿಂದಿನವರಿಗೆ ಮಾತು ಕೇಳಿಸುವುದಿಲ್ಲ. ಮಾತು ಕೇಳದವರು ಕಲ್ಲು ಹತ್ತಲು ಹೋಗುತ್ತಾರೆ.

ಮೊದಲು ಕಂಬದ ಮುಖಗಳನ್ನು ಎಣಿಸಿ ಅನ್ನುತ್ತೇನೆ. ಐದು, ಆರು, ಏಳು. ಯಾರು ಕೆತ್ತಿದ್ದು ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಅಲ್ಲಿಂದ ಕಥೆ ಶುರು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಮತ್ತು ಭಾರತ ಒಂದೇ ನೆಲವಾಗಿದ್ದು, ಬೇರೆಯಾಗುತ್ತಿದ್ದವು. ನೆಲ ಸೀಳುವಾಗ ಒಳಗಿನ ಕರಗಿದ ಕಲ್ಲು ಮೇಲೆ ಬಂತು. ಅದು ಆರುತ್ತಾ ಕುಗ್ಗಿತು, ಕುಗ್ಗಿದ್ದಕ್ಕೆ ಬಿರುಕು ಬಿಟ್ಟಿತು. ಬೇಸಿಗೆಯಲ್ಲಿ ಕೆರೆ ಒಣಗಿ ಕೆಸರು ಬಿರುಕು ಬಿಡುತ್ತದಲ್ವಾ, ಹಾಗೆ. ಇಲ್ಲಿ ಮಾತ್ರ ಬಿರುಕು ಮೇಲ್ಮೈಯಲ್ಲೇ ನಿಲ್ಲದೆ ಆಳಕ್ಕೆ ಇಳಿಯುತ್ತಾ ಹೋಯಿತು. ಅದಕ್ಕೇ ಕಂಬಗಳಾದವು. ಇಷ್ಟು ಹೇಳಿ ಸುಮ್ಮನಾಗುತ್ತೇನೆ. ಜನ ತಾವಾಗಿಯೇ ಕಲ್ಲನ್ನು ಮುಟ್ಟಿ ನೋಡುತ್ತಾರೆ. ಆ ಒಂದು ನಿಮಿಷಕ್ಕಾಗಿಯೇ ನನಗೆ ಈ ಕೆಲಸ ಇಷ್ಟ.

ಬೆಂಗಳೂರಿನವರಾದರೆ ಲಾಲ್‌ಬಾಗ್ ಬಂಡೆಯ ಮಾತು ತೆಗೆಯುತ್ತೇನೆ. ಅದು ಇದಕ್ಕಿಂತ ಎಷ್ಟೋ ಹಳೆಯದು, ಸುಮಾರು 300 ಕೋಟಿ ವರ್ಷದ್ದು. ಅದೂ ಇದೂ ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಕರ್ನಾಟಕದಲ್ಲಿ ಅಂಥವು ನಾಲ್ಕಿವೆ. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಇಳಿದ ಅನ್ನುವ ಕಥೆಯನ್ನು ಯಾರಾದರೂ ಕೇಳಿದರೆ ಮಾತ್ರ ಹೇಳುತ್ತೇನೆ.

ಕಲ್ಲಿನ ಕಥೆ ಕೇಳಿದವರು ಅದರ ಮೇಲೆ ಹೆಸರು ಗೀಚುವುದನ್ನು ನಾನು ಇನ್ನೂ ನೋಡಿಲ್ಲ. ಬೋರ್ಡ್ ಹಾಕಿದ ಜಾಗದಲ್ಲೇ ಗೀಚಿದ್ದನ್ನು ನೋಡಿದ್ದೇನೆ. ಆದ್ದರಿಂದ ನಿಯಮಗಳನ್ನು ನಡಿಗೆಯ ಕೊನೆಗೆ ಹೇಳುತ್ತೇವೆ, ಶುರುವಿಗೆ ಅಲ್ಲ. ಚಿಪ್ಪಿನ ವಿಷಯದಲ್ಲಿ ಮಾತ್ರ ಸ್ವಲ್ಪ ಕಷ್ಟ. ಇಲ್ಲಿನ ದಂಡೆಯಲ್ಲಿ ಮರಳಿಗಿಂತ ಚಿಪ್ಪೇ ಜಾಸ್ತಿ. ಒಂದು ತೆಗೆದರೆ ಏನಾಯ್ತು ಅಂತ ಎಲ್ಲರೂ ಕೇಳುತ್ತಾರೆ. ಖಾಲಿ ಚಿಪ್ಪಿನೊಳಗೆ ವಾಸಿಸುವ ಏಡಿಯನ್ನು ಹುಡುಕಿ ತೋರಿಸಿದ ಮೇಲೆ ಮಕ್ಕಳೇ ಅಪ್ಪ ಅಮ್ಮನ ಕೈಯಿಂದ ಚಿಪ್ಪು ತೆಗೆದು ಕೆಳಗೆ ಇಡುತ್ತಾರೆ.

ಪ್ಲಾಸ್ಟಿಕ್ ಬಾಟಲಿಗೆ ಬೇರೆ ದಾರಿ. ದಡದಲ್ಲೇ ಬಾಟಲಿಗೆ ಗುರುತು ಹಾಕಿ ಸ್ವಲ್ಪ ದುಡ್ಡು ಇಟ್ಟುಕೊಳ್ಳುತ್ತೇವೆ. ವಾಪಸ್ ತಂದು ತೋರಿಸಿದರೆ ದುಡ್ಡು ವಾಪಸ್. ಆದರೆ ಮಳೆಗಾಲ ಮುಗಿದು ಮತ್ತೆ ಹೋದಾಗ ಅಲ್ಲಿ ಬಿದ್ದಿರುವುದು ಬರೀ ಪ್ರವಾಸಿಗರ ಕಸ ಅಲ್ಲ. ಹರಿದ ಬಲೆ, ಥರ್ಮೋಕೋಲ್, ಹಗ್ಗ ಎಲ್ಲ ಕಡಲು ತಂದು ಹಾಕಿದ್ದು, ಅಂದರೆ ನಮ್ಮವರದ್ದೇ. ಇದನ್ನು ಹೊರಗಿನವರು ಬಂದು ಹೇಳಿದ್ದರೆ ಜಗಳವಾಗುತ್ತಿತ್ತು. ಮೀನುಗಾರಿಕೆಗೆ ರಜೆ ಇರುವ ಜೂನ್, ಜುಲೈಯಲ್ಲಿ, ಬಲೆ ಕಟ್ಟುತ್ತಾ ಕೂತ ತಾಂಡೇಲರ (ಮೀನಿನ ಬೋಟ್ ನಡೆಸುವವರ) ಹತ್ತಿರ ನಾವೇ ಹೋಗಿ ಕೂತು ಮಾತಾಡಿದೆವು. "ಹರಿದ ಬಲೆ ಕಡಲಿಗೆ ಬಿಸಾಡಬೇಡಿ ಅಣ್ಣ, ದಡಕ್ಕೆ ತನ್ನಿ, ನಾವು ತೆಗೆದುಕೊಂಡು ಹೋಗ್ತೇವೆ" ಅಂದೆವು. ಕೆಲವರು ತರುತ್ತಾರೆ. ಎಲ್ಲರೂ ತರುವುದಿಲ್ಲ.

ನಡಿಗೆಯ ದುಡ್ಡಲ್ಲಿ ಒಂದು ಪಾಲು ಸ್ವಚ್ಛತೆಗೆ ಅಂತ ತೆಗೆದಿಡುತ್ತೇವೆ. ಮಧ್ಯಾಹ್ನ ಬಂಗುಡೆ ಸಾರು, ಕುಚ್ಚಲಕ್ಕಿ ಊಟ ಬೇಕೆಂದವರಿಗೆ ನಮ್ಮ ಅಕ್ಕಂದಿರ ಮನೆಯಲ್ಲೇ ಊಟ. ಆ ದುಡ್ಡು ನೇರ ಅವರಿಗೆ. ಇದರಲ್ಲಿ ಪಾಲು ಕೇಳಬಾರದು ಅಂತ ಮೊದಲೇ ಮಾತಾಗಿದೆ.

ಬಂದರಿನ ಸುತ್ತಮುತ್ತ ಬೆಳೆಯುವ ಎಷ್ಟೋ ಮಕ್ಕಳು ಈ ದ್ವೀಪವನ್ನು ದಡದಿಂದ ಮಾತ್ರ ನೋಡಿದ್ದಾರೆ. ಬರುವ ಸೀಸನ್‌ಗೆ ಊರಿನ ಕನ್ನಡ ಶಾಲೆಗಳ ಮಕ್ಕಳನ್ನು ವಾರದ ಮಧ್ಯೆ, ಜನ ಕಡಿಮೆ ಇರುವ ದಿನ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ನಡಿಗೆಗೆ ಅವರಿಂದ ದುಡ್ಡಿಲ್ಲ. ಬೋಟಿನ ಟಿಕೆಟ್ ಮತ್ತು ಎಲ್ಲರಿಗೂ ಅಳತೆಗೆ ಸರಿಯಾದ ಲೈಫ್ ಜಾಕೆಟ್, ಇವೆರಡಕ್ಕೆ ಈಗ ಓಡಾಡುತ್ತಿದ್ದೇವೆ.