ಕೂದಲು ಉದುರುತ್ತಿದೆಯೇ? ಎಣ್ಣೆ ಬದಲಿಸುವ ಮೊದಲು ಕ್ಯಾಲೆಂಡರ್ ನೋಡಿ

ದಾವಣಗೆರೆ, ಚಿತ್ರದುರ್ಗದ ಕಡೆ ಕೂದಲು ಉದುರತೊಡಗಿತೆಂದರೆ ಮೊದಲ ದೂರು ಬೋರ್ ನೀರಿನ ಮೇಲೆ, ಎರಡನೆಯದು ಶಾಂಪೂ ಮೇಲೆ. ಎಣ್ಣೆ ಬದಲಾಗುತ್ತದೆ, ಬಚ್ಚಲಿಗೆ ಫಿಲ್ಟರ್ ಬರುತ್ತದೆ, ಕೂದಲು ಉದುರುತ್ತಲೇ ಇರುತ್ತದೆ. ದುಡ್ಡು ಹಾಕುವ ಮುಂಚೆ ಕಾರಣ ಹುಡುಕಬೇಕು. ಅದರಲ್ಲಿ ಅರ್ಧ ಕೆಲಸ ಮನೆಯಲ್ಲೇ ಆಗುತ್ತದೆ.

ಬಾಚಣಿಗೆಗೆ ಸಿಕ್ಕ ಹತ್ತು ಕೂದಲನ್ನು ಕಪ್ಪು ಬಟ್ಟೆಯ ಮೇಲೆ ಹಾಕಿ ಬೆಳಕಿನಲ್ಲಿ ನೋಡಿ. ಒಂದು ತುದಿಯಲ್ಲಿ ಗುಂಡುಸೂಜಿಯ ತಲೆಗಿಂತಲೂ ಚಿಕ್ಕದಾದ ಬಿಳಿ ಗಂಟು ಇದ್ದರೆ ಅದು ಬುಡದಿಂದ ಬಂದ ಕೂದಲು. ಗಂಟಿಲ್ಲದೆ ಗಿಡ್ಡ ತುಂಡುಗಳೇ ಹೆಚ್ಚಿದ್ದರೆ ಅದು ತುಂಡಾಗುತ್ತಿರುವ ಕೂದಲು. ಗಡಸು ನೀರಿನ ಪಾತ್ರ ಇರುವುದು ಈ ಎರಡನೆಯದರಲ್ಲಿ: ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕೂದಲಿನ ಮೇಲೆ ಕೂತು ಅದನ್ನು ಒರಟು ಮಾಡುತ್ತವೆ, ಸಿಕ್ಕು ಬಿಡಿಸುವಾಗ ಅದು ಮುರಿಯುತ್ತದೆ. ಅದಕ್ಕೆ ಕೊನೆಯ ಎರಡು ಚೊಂಬು ನಲ್ಲಿ ನೀರು ಅಥವಾ ಮಳೆ ನೀರು ಹಾಕಿಕೊಂಡು, ತುದಿಗೆ ಕಂಡಿಷನರ್ ಹಚ್ಚಿದರೆ ಸಾಕು. ಬುಡದಿಂದ ಉದುರುವುದಕ್ಕೆ ಬೋರ್ ನೀರೇ ಕಾರಣ ಎನ್ನಲು ಗಟ್ಟಿ ಪುರಾವೆ ಇಲ್ಲ.

ಬಿಳಿ ಗಂಟು ಕಂಡು ‘ಬೇರೇ ಕಿತ್ತು ಬಂತು’ ಎಂದು ಎಷ್ಟೋ ಜನ ಗಾಬರಿಯಾಗುತ್ತಾರೆ. ಬೇರು ಚರ್ಮದೊಳಗೇ ಇರುತ್ತದೆ. ತಲೆಯಲ್ಲಿರುವ ಸುಮಾರು 1 ಲಕ್ಷ ಕೂದಲಲ್ಲಿ ಶೇ. 85ರಿಂದ 90ರಷ್ಟು ಯಾವಾಗಲೂ ಬೆಳೆಯುತ್ತಿರುತ್ತವೆ. ಒಂದೊಂದೂ 2ರಿಂದ 6 ವರ್ಷ ಬೆಳೆದು, ಸುಮಾರು ಮೂರು ತಿಂಗಳು ಸುಮ್ಮನಿದ್ದು, ಆಮೇಲೆ ಬೀಳುತ್ತದೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಎರಡು ದಿನ ಬಾಚದೆ ತಲೆಸ್ನಾನ ಮಾಡಿದರೆ ಅಷ್ಟೂ ಒಟ್ಟಿಗೇ ಕಾಣುತ್ತವೆ.

ಈಗ ಕ್ಯಾಲೆಂಡರ್ ತೆಗೆಯಿರಿ. ಜ್ವರ, ಹೆರಿಗೆ, ದೊಡ್ಡ ಆಪರೇಷನ್, ಊಟ ಬಿಟ್ಟು ತೂಕ ಇಳಿಸುವುದು, ಇಂಥ ಪೆಟ್ಟು ಬಿದ್ದಾಗ ಒಂದಷ್ಟು ಕೂದಲು ಬೆಳವಣಿಗೆ ನಿಲ್ಲಿಸುತ್ತವೆ. ಆದರೆ ಬೀಳುವುದು ಎರಡು, ಮೂರು ತಿಂಗಳ ನಂತರ. ಗಣೇಶನ ಹಬ್ಬದ ಹೊತ್ತಿಗೆ ಡೆಂಗಿ ಬಂದಿದ್ದರೆ ದೀಪಾವಳಿಯ ಆಚೆಈಚೆ ಬಾಚಣಿಗೆ ತುಂಬುತ್ತದೆ. ಅಷ್ಟರಲ್ಲಿ ಜ್ವರ ಮರೆತಿರುತ್ತದೆ, ಹಿಂದಿನ ವಾರ ತಂದ ಶಾಂಪೂ ಕಣ್ಣಿಗೆ ಬೀಳುತ್ತದೆ. ಟೈಫಾಯಿಡ್ ಆದವರಿಗೂ ಬಾಣಂತಿಯರಿಗೂ ಇದೇ ಲೆಕ್ಕ. ಕಾರಣ ದೂರವಾಗಿದ್ದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನೇ ನಿಲ್ಲುತ್ತದೆ. ಆಗ ಕೈಯಲ್ಲಿ ಯಾವ ಎಣ್ಣೆ ಇರುತ್ತದೋ ಅದಕ್ಕೆ ಹೆಸರು ಬರುತ್ತದೆ.

ಉದುರುವಿಕೆ ಎಷ್ಟು ಜೋರಿದೆ ಎಂದು ತಿಳಿಯಲು 50–60 ಕೂದಲಿನ ಎಳೆಯನ್ನು ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಹಿಡಿದು, ಬುಡದಿಂದ ತುದಿಯವರೆಗೆ ಮೆಲ್ಲಗೆ ಎಳೆಯಿರಿ. ನೆತ್ತಿ, ಎರಡೂ ಪಕ್ಕ, ಹಿಂಭಾಗದಲ್ಲಿ ಹೀಗೇ ಮಾಡಿ. ಒಂದು ಸಲಕ್ಕೆ ಆರಕ್ಕಿಂತ ಹೆಚ್ಚು ಕೈಗೆ ಬಂದರೆ ವೈದ್ಯರಿಗೆ ತೋರಿಸಬೇಕು. ಜೋರಾಗಿ ಜಗ್ಗಿದರೆ ಈ ಪರೀಕ್ಷೆಗೆ ಅರ್ಥವಿಲ್ಲ.

ಎಲ್ಲ ಕಡೆಯೂ ಸಮನಾಗಿ ತೆಳ್ಳಗಾಗಿದ್ದರೆ ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ). ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್ 30ಕ್ಕಿಂತ ಕೆಳಗಿರಬಹುದು. ಹಾಗಿದ್ದರೆ ಮೈಯಲ್ಲಿ ಕಬ್ಬಿಣದ ದಾಸ್ತಾನು ಮುಗಿಯುತ್ತಿದೆ ಎಂದೇ ಅರ್ಥ. ಎರಡು ಕಡೆ ಲೆಕ್ಕ ತಪ್ಪುತ್ತದೆ. ಜ್ವರ ಇರುವಾಗ ಮಾಡಿಸಿದರೆ ಫೆರಿಟಿನ್ ಸುಳ್ಳೇ ಹೆಚ್ಚು ತೋರಿಸುತ್ತದೆ. ‘ಕೂದಲಿನ ಮಾತ್ರೆ’ ಎಂದು ಬಯೋಟಿನ್ ಎಂಬ ವಿಟಮಿನ್ ನುಂಗುತ್ತಿದ್ದರೆ ಥೈರಾಯ್ಡ್ ವರದಿ ಕೆಡಬಹುದು. ಅದನ್ನು ಲ್ಯಾಬಿನವರಿಗೆ ಹೇಳಿ, ಕನಿಷ್ಠ ಎರಡು ಮೂರು ದಿನ ಮೊದಲೇ ನಿಲ್ಲಿಸಿ. ನಿಜವಾದ ಬಯೋಟಿನ್ ಕೊರತೆ ತೀರಾ ಅಪರೂಪ. ವಿಟಮಿನ್ ‘ಎ’ ಅತಿಯಾದರೆ ಅದರಿಂದಲೇ ಕೂದಲು ಉದುರುತ್ತದೆ. ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರೆ ಚಹಾ, ಕಾಫಿ, ಹಾಲಿನ ಜೊತೆ ಬೇಡ, ನಿಂಬೆ ಪಾನಕದ ಜೊತೆ ತಗೊಳ್ಳಿ.

ಗಂಡಸರಿಗೆ ಹಣೆಯ ಎರಡೂ ಮೂಲೆ ಹಿಂದೆ ಸರಿದು ನೆತ್ತಿ ತೆಳ್ಳಗಾಗುವುದು, ಹೆಂಗಸರಿಗೆ ಬೈತಲೆ ಅಗಲವಾಗುವುದು ಬೇರೆಯೇ ಕಥೆ. 1942ರಲ್ಲಿ ಅಮೆರಿಕದ ವಿಜ್ಞಾನಿ ಜೇಮ್ಸ್ ಹ್ಯಾಮಿಲ್ಟನ್, ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡವರಿಗೆ ಬೊಕ್ಕತಲೆ ಬರುವುದಿಲ್ಲ ಎಂದು ತೋರಿಸಿದರು. ಅವರಲ್ಲೇ ವಂಶದಲ್ಲಿ ಬೊಕ್ಕತಲೆ ಇದ್ದವರಿಗೆ ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಕೊಟ್ಟಾಗ ಅದು ಬಂತು. 1974ರಲ್ಲಿ ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳ ಅಧ್ಯಯನ ಪ್ರಕಟವಾಯಿತು. ಟೆಸ್ಟೋಸ್ಟೆರಾನ್ ಅನ್ನು ಡಿಎಚ್‌ಟಿ ಎಂಬ ಇನ್ನೂ ಪ್ರಬಲ ಹಾರ್ಮೋನ್ ಮಾಡುವ ಕಿಣ್ವ ಅವರಲ್ಲಿ ಕೊರತೆಯಾಗಿತ್ತು, ಅಲ್ಲಿನ ಗಂಡಸರ ಹಣೆಯ ಕೂದಲು ಹಿಂದೆ ಸರಿಯುತ್ತಿರಲಿಲ್ಲ. ಆ ಕಿಣ್ವವನ್ನು ತಡೆಯುವ ಔಷಧವೇ ಫಿನಾಸ್ಟರೈಡ್, 1 ಮಿ.ಗ್ರಾಂ ಮಾತ್ರೆಗೆ ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗುತ್ತದೆ, ಮನಸ್ಸು ಕುಸಿಯುತ್ತದೆ. ಅದಕ್ಕೇ ಮೆಡಿಕಲ್ ಶಾಪಿನಿಂದ ನೇರ ತಂದು ನುಂಗುವ ಮಾತ್ರೆ ಇದಲ್ಲ. ಗರ್ಭಿಣಿಯರು ಅದರ ಒಡೆದ ಮಾತ್ರೆಯನ್ನು ಮುಟ್ಟಲೂಬಾರದು.

ಇಂಥ ಬೊಕ್ಕತಲೆಗೆ ಹಚ್ಚುವ ಔಷಧ ಮಿನಾಕ್ಸಿಡಿಲ್ ಗಂಡಸರಿಗೆ ಸಾಮಾನ್ಯವಾಗಿ ಶೇ. 5ರದ್ದು, 1 ಮಿ.ಲೀ., ದಿನಕ್ಕೆರಡು ಬಾರಿ. ಅದು ಕೂದಲಿಗಲ್ಲ, ಒಣಗಿದ ನೆತ್ತಿಯ ಚರ್ಮಕ್ಕೆ ತಾಗಬೇಕು. ಎಣ್ಣೆ ಹಚ್ಚಿದ ತಲೆಗೆ ಹಾಕಬೇಡಿ. ಮೊದಲ ಕೆಲವು ವಾರ ಉದುರುವುದು ಹೆಚ್ಚಾಗಬಹುದು; ಹಳೆಯ ಕೂದಲು ಹೊಸದಕ್ಕೆ ಜಾಗ ಬಿಡುತ್ತಿರುತ್ತದೆ. ಹೆಚ್ಚಿನವರು ಕೈಬಿಡುವುದು ಇಲ್ಲೇ. ಫಲ ಕಾಣಲು 4ರಿಂದ 6 ತಿಂಗಳು ಬೇಕು, ನಿಲ್ಲಿಸಿದರೆ ಬಂದದ್ದು ಕೆಲವೇ ತಿಂಗಳಲ್ಲಿ ಹೋಗುತ್ತದೆ. ಬಸುರಿ, ಬಾಣಂತಿಯರಿಗೆ ಇದು ಬೇಡ.

ನಾಣ್ಯದಷ್ಟಗಲ ನುಣ್ಣಗೆ ಕೂದಲು ಹೋದರೆ ‘ಹುಳ ತಿಂದಿದೆ’ ಎನ್ನುತ್ತಾರೆ. ಹುಳ ಯಾವುದೂ ಇಲ್ಲ, ದೇಹದ ರೋಗನಿರೋಧಕ ಶಕ್ತಿಯೇ ಕೂದಲ ಬುಡದ ಮೇಲೆ ಬಿದ್ದಿರುತ್ತದೆ. ಅದಕ್ಕೆ ಬೆಳ್ಳುಳ್ಳಿ ಉಜ್ಜಿ ಚರ್ಮ ಸುಟ್ಟುಕೊಳ್ಳಬೇಡಿ. ಮಕ್ಕಳ ತಲೆಯಲ್ಲಿ ಹೊಟ್ಟೆದ್ದು ಕೂದಲು ಮುರಿದಿದ್ದರೆ ಅದು ಶಿಲೀಂಧ್ರದ ಸೋಂಕಿರಬಹುದು. ಬರೀ ಮುಲಾಮಿಗೆ ಹೋಗುವುದಿಲ್ಲ, ಮಾತ್ರೆಯೇ ಬೇಕು. ಉರಿ, ನೋವು, ಕೀವು ಇದ್ದರೆ, ಅಥವಾ ಬೋಳಾದ ಜಾಗ ಹೊಳೆಯುತ್ತಾ ಕೂದಲಿನ ರಂಧ್ರಗಳೇ ಕಾಣದಿದ್ದರೆ ತಡಮಾಡಬೇಡಿ. ಅಲ್ಲಿ ಬುಡವೇ ಸತ್ತು ಕಲೆಯಾಗುತ್ತಿರುತ್ತದೆ, ಹೋದದ್ದು ಮರಳುವುದಿಲ್ಲ. ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆ ಅಥವಾ ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲಿ ಚರ್ಮರೋಗದ ವೈದ್ಯರನ್ನು ಕಾಣಿ. ಹೋಗುವಾಗ ಎಣ್ಣೆ ಹಚ್ಚಬೇಡಿ. ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿ, ಆರು ತಿಂಗಳಲ್ಲಿ ಬಂದ ಜ್ವರಗಳ ತಾರೀಖು, ಒಂದೇ ಕಿಟಕಿಯ ಬೆಳಕಿನಲ್ಲಿ ತಿಂಗಳಿಗೊಮ್ಮೆ ತೆಗೆದ ನೆತ್ತಿಯ ಫೋಟೋ ಜೊತೆಗಿರಲಿ.