ವೀಸಾ ಮುಗಿದ, ಮುಗಿಯಲಿರುವ ಮಕ್ಕಳ ಕಾಲೇಜು: ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದವರಿಗೆ

ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾದವರ ಮಕ್ಕಳು, ಸಂಗಾತಿಗೆ ಕೊಡುವುದು) ಬಂದ ಮಗುವಿಗೆ 21 ತುಂಬಿದ ದಿನ ಆ ಸ್ಥಾನಮಾನ ಮುಗಿಯುತ್ತದೆ. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸರದಿ ಎಷ್ಟು ಉದ್ದ ಎಂದು ನಿಮಗೆ ಗೊತ್ತಿದೆ. ಹಾಗಾಗಿ ಐದನೇ ಕ್ಲಾಸಿನ ಮಗುವನ್ನು ಕರೆದುಕೊಂಡು ಮೊನ್ನೆಯಷ್ಟೇ ಬಂದಿಳಿದವರೂ ಇದನ್ನು ಓದಿಟ್ಟುಕೊಳ್ಳಿ. ತಂದೆ ಅಥವಾ ತಾಯಿಯ ಕೆಲಸ ಹೋಗಿ, ಮನೆಮಂದಿಯ ವೀಸಾ ಒಟ್ಟಿಗೇ ಕೈತಪ್ಪುವುದೂ ಉಂಟು. ಹಾಗಾದರೂ ಮಗುವಿನ ಓದು ಅಲ್ಲಿಗೇ ನಿಲ್ಲಬೇಕಿಲ್ಲ.

ಹನ್ನೆರಡನೇ ಕ್ಲಾಸಿನವರೆಗೆ ಚಿಂತೆಯಿಲ್ಲ. 1982ರ ಪ್ಲೈಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ, ವಲಸೆ ದಾಖಲೆ ಇಲ್ಲವೆಂದು ಸರ್ಕಾರಿ ಶಾಲೆ ಮಗುವನ್ನು ಹೊರಗಿಡುವಂತಿಲ್ಲ. ಆಮೇಲೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ (ಯುಸಿ), ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಕಮ್ಯುನಿಟಿ ಕಾಲೇಜು, ಈ ಮೂರೂ ಕಡೆ ದಾಖಲೆಯಿಲ್ಲದ ವಿದ್ಯಾರ್ಥಿಗಳಿಗೆ ಪ್ರವೇಶವಿದೆ. ತೊಡಕು ಇರುವುದು ಶುಲ್ಕದಲ್ಲಿ. 2025ರ ಶರತ್ಕಾಲದಲ್ಲಿ ಯುಸಿ ಸೇರಿದ, ಹೊರರಾಜ್ಯದವರೆಂದು ಲೆಕ್ಕವಾಗುವ ವಿದ್ಯಾರ್ಥಿ, ಮಾಮೂಲಿ ಶುಲ್ಕದ ಮೇಲೆ ವರ್ಷಕ್ಕೆ 37,602 ಡಾಲರ್ ಹೆಚ್ಚುವರಿ ಕಟ್ಟಬೇಕು.

ಆ ಹೊರೆ ಇಳಿಸುವುದು 2001ರ ಕಾನೂನು, ಎಲ್ಲರ ಬಾಯಲ್ಲೂ ಅದು 'ಎಬಿ 540'. ಕ್ಯಾಲಿಫೋರ್ನಿಯಾದಲ್ಲಿ ಒಟ್ಟು ಮೂರು ವರ್ಷ ಪೂರ್ಣಾವಧಿ ಓದಿರಬೇಕು. ಹೈಸ್ಕೂಲು, ವಯಸ್ಕರ ಶಾಲೆ, ಕಮ್ಯುನಿಟಿ ಕಾಲೇಜು, ಎಲ್ಲವನ್ನೂ ಕೂಡಿಸಬಹುದು. ಹನ್ನೊಂದನೇ ಕ್ಲಾಸಿಗೆ ಬಂದ ಮಗು ಎರಡು ವರ್ಷ ಹೈಸ್ಕೂಲು, ಒಂದು ವರ್ಷ ಕಮ್ಯುನಿಟಿ ಕಾಲೇಜು ಮುಗಿಸಿದರೆ ಲೆಕ್ಕ ಸರಿಹೋಗುತ್ತದೆ. ಜೊತೆಗೆ ಇಲ್ಲಿನ ಹೈಸ್ಕೂಲು ಪಾಸಾಗಿರಬೇಕು, ಅಥವಾ ಅದಕ್ಕೆ ಸಮನಾದ ಪರೀಕ್ಷೆ ಮುಗಿಸಿರಬೇಕು. ಕೊನೆಯದಾಗಿ ಕಾಲೇಜಿಗೆ ಒಂದು ಅಫಿಡವಿಟ್: "ಅರ್ಹತೆ ಬಂದ ಕೂಡಲೇ ಸ್ಥಾನಮಾನ ಸರಿಪಡಿಸಿಕೊಳ್ಳಲು ಅರ್ಜಿ ಹಾಕುತ್ತೇನೆ" ಎಂದು ವಿದ್ಯಾರ್ಥಿ ಸಹಿ ಮಾಡಬೇಕು. ಕಾಲೇಜು ಬದಲಾಯಿಸಿದರೆ ಹೊಸ ಕಾಲೇಜಿಗೆ ಮತ್ತೆ ಕೊಡಬೇಕು.

ನಮ್ಮವರು ಎಡವುವುದು ಇಲ್ಲೇ. ಎಚ್-4 ಅಥವಾ ಎಫ್-1 (ವಿದ್ಯಾರ್ಥಿ ವೀಸಾ) ಚಾಲ್ತಿಯಲ್ಲಿ ಇರುವಷ್ಟು ದಿನ ಎಬಿ 540 ಅನ್ವಯಿಸುವುದಿಲ್ಲ. ಎಚ್-4 ಇರುವಾಗ ತಂದೆತಾಯಿಯ ವಾಸದ ಆಧಾರದ ಮೇಲೆ ರಾಜ್ಯದವರ ಶುಲ್ಕ ಕೇಳಬಹುದು. 21ರ ಮೊದಲು ಸ್ಥಾನಮಾನ ಬದಲಾವಣೆಯ ಐ-539 ಅರ್ಜಿ ಹಾಕಿ ಎಫ್-1ಗೆ ಬದಲಾದರೆ ಕಾನೂನುಬದ್ಧ ಸ್ಥಾನಮಾನ ಉಳಿಯುತ್ತದೆ, ಆದರೆ ಶುಲ್ಕದ ಆ ದಾರಿ ಸಾಮಾನ್ಯವಾಗಿ ಮುಚ್ಚುತ್ತದೆ. ಯಾವುದು ಮೇಲು ಎಂಬುದು ಮನೆಮನೆಗೆ ಬೇರೆ. ಮಗುವಿಗೆ 19 ಆಗುವಷ್ಟರಲ್ಲಿ ವಕೀಲರ ಮುಂದೆ ಕೂತು ಇತ್ಯರ್ಥ ಮಾಡಿಕೊಳ್ಳಿ. ಶುಲ್ಕ ಉಳಿಯುತ್ತದೆಂದು ವೀಸಾವನ್ನು ಬೇಕೆಂದೇ ಬಿಟ್ಟುಕೊಡಬೇಡಿ.

"ಡಾಕಾ ಹಾಕಿಸಿ" ಎಂದು ಸಲಹೆ ಕೊಡುವವರು ಸಿಗುತ್ತಾರೆ. ಚಿಕ್ಕವರಿದ್ದಾಗ ಬಂದ ದಾಖಲೆಯಿಲ್ಲದವರನ್ನು ಗಡೀಪಾರಿನಿಂದ ತಾತ್ಕಾಲಿಕವಾಗಿ ಕಾಯುವ ಕೇಂದ್ರ ಸರ್ಕಾರದ ಯೋಜನೆ ಅದು. 2012ರ ಜೂನ್ 15ರಂದು ಸ್ಥಾನಮಾನ ಇಲ್ಲದಿದ್ದವರಿಗಷ್ಟೇ ಆ ಯೋಜನೆ. ಅದಕ್ಕೂ 2007ರ ಜೂನ್ 15ರೊಳಗೆ ಈ ದೇಶಕ್ಕೆ ಬಂದಿರಬೇಕಿತ್ತು. ಈಗ ಬರುವ ಮಕ್ಕಳಿಗೆ ಅದು ಇಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ದಾಖಲೆಯಿಲ್ಲದ ವಿದ್ಯಾರ್ಥಿ ಕೇಂದ್ರ ಸರ್ಕಾರದ ಹಣಕಾಸು ನೆರವಿನ ಅರ್ಜಿ 'ಫಾಫ್ಸಾ' ತುಂಬಬಾರದು. ಎಬಿ 540 ಅರ್ಹತೆ ಇದ್ದರೆ ತುಂಬಬೇಕಾದದ್ದು ರಾಜ್ಯದ 'ಕ್ಯಾಲಿಫೋರ್ನಿಯಾ ಡ್ರೀಮ್ ಆಕ್ಟ್' ಅರ್ಜಿ. ರಾಜ್ಯದ ಅನುದಾನವಾದ ಕ್ಯಾಲ್ ಗ್ರಾಂಟ್, ವಿಶ್ವವಿದ್ಯಾಲಯದ ಸ್ವಂತ ಅನುದಾನ ಎರಡಕ್ಕೂ ಇದೇ ಬಾಗಿಲು. ಆದ್ಯತೆಯ ಗಡುವು ಸಾಮಾನ್ಯವಾಗಿ ಮಾರ್ಚ್ 2. ಕಮ್ಯುನಿಟಿ ಕಾಲೇಜಿನವರಿಗೆ ಸೆಪ್ಟೆಂಬರ್ 2ರಂದು ಇನ್ನೊಂದು ಅವಕಾಶವಿದೆ. ಈ ಅರ್ಜಿ ಹಾಕಿದರೆ ಅಫಿಡವಿಟ್ಟೂ ಸಲ್ಲಿಕೆಯಾಯಿತು ಎಂದುಕೊಳ್ಳಬೇಡಿ, ಅದನ್ನು ಬೇರೆಯಾಗಿ ಕೊಡಬೇಕೇ ಎಂದು ಕಾಲೇಜನ್ನೇ ಕೇಳಿ. ಯುಸಿ ಮತ್ತು ಸ್ಟೇಟ್ ಯೂನಿವರ್ಸಿಟಿಗಳಲ್ಲಿ 'ಡ್ರೀಮ್ ಲೋನ್' ಎಂಬ ಸಾಲವೂ ಇದೆ: ವರ್ಷಕ್ಕೆ 4,000 ಡಾಲರ್‌ವರೆಗೆ, ಒಟ್ಟು 20,000ದ ಮಿತಿ.

ಹೆಸರಿನ ತೊಂದರೆ ಬೇರೆ. ನಮ್ಮಲ್ಲಿ ಇನಿಷಿಯಲ್ ಉಂಟು, ಊರಿನ ಹೆಸರು ಉಂಟು, ಅಡ್ಡಹೆಸರು ಇಲ್ಲದವರೂ ಬಹಳ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದರ ಮುಂದೆ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಬೀಳುತ್ತದೆ. ಶಾಲೆ ಅಪ್ಪನ ಹೆಸರನ್ನು ಕೊನೆಯ ಹೆಸರಾಗಿ ಬರೆದುಕೊಂಡಿರುತ್ತದೆ. ಕ್ಯಾಲ್ ಗ್ರಾಂಟ್‌ಗಾಗಿ ಹೈಸ್ಕೂಲು ಕಳಿಸುವ ಅಂಕಗಳ ಸರಾಸರಿ ಮತ್ತು ನಿಮ್ಮ ಅರ್ಜಿ ಎರಡೂ ಹೆಸರು, ಹುಟ್ಟಿದ ದಿನಾಂಕದಲ್ಲಿ ತಾಳೆಯಾಗದಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ಒಂಬತ್ತನೇ ಕ್ಲಾಸಿನಲ್ಲೇ ಶಾಲೆಯ ಕಚೇರಿಗೆ ಹೋಗಿ ದಾಖಲೆಯಲ್ಲಿ ಹೆಸರು ಹೇಗಿದೆ ಎಂದು ನೋಡಿ, ಎಲ್ಲ ಕಡೆ ಅಕ್ಷರಕ್ಕಕ್ಷರ ಅದನ್ನೇ ಬಳಸಿ.

ಇನ್ನೊಂದು ತಪ್ಪಂತೂ ಜೀವಮಾನವಿಡೀ ಕಾಡುತ್ತದೆ. ಕೆಲಸಕ್ಕೆ ಸೇರುವಾಗಿನ ಐ-9 ಫಾರಂ ಇರಲಿ, ಡ್ರೈವಿಂಗ್ ಲೈಸೆನ್ಸ್ ಕೊಡುವ ಡಿಎಂವಿ ಕಚೇರಿಯ ಮತದಾರರ ನೋಂದಣಿ ಇರಲಿ, 'ಅಮೆರಿಕದ ನಾಗರಿಕ' ಎಂಬ ಚೌಕಕ್ಕೆ ಗುರುತು ಹಾಕಲೇಬಾರದು. ಸುಳ್ಳು ಪೌರತ್ವದ ಹೇಳಿಕೆ ಮುಂದೆ ಗ್ರೀನ್ ಕಾರ್ಡನ್ನೇ ತಪ್ಪಿಸಬಲ್ಲದು. ಲೈಸೆನ್ಸ್ ಮಾಡಿಸಲು ಹೋಗುವ ಮಗನಿಗೆ, ಮಗಳಿಗೆ ಇದನ್ನು ಮನೆಯಲ್ಲೇ ಕೂರಿಸಿ ಹೇಳಿಕೊಡಿ.

ದಾಖಲೆ ಮುಗಿದ ಮೇಲೆ ಊರಿಗೆ ಟಿಕೆಟ್ ತೆಗೆಯುವ ಮೊದಲೂ ವಕೀಲರನ್ನು ಕೇಳಿ. 18 ದಾಟಿದವರು ಅನಧಿಕೃತವಾಗಿ 180 ದಿನಕ್ಕಿಂತ ಹೆಚ್ಚು ಇದ್ದು ಹೊರಟರೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಇದ್ದರೆ ಹತ್ತು ವರ್ಷ ಮರಳಿ ಬರುವಂತಿಲ್ಲ. ಅಜ್ಜಿಗೆ ಹುಷಾರಿಲ್ಲ ಎಂಬ ಫೋನ್ ಬಂದ ರಾತ್ರಿ ಈ ಲೆಕ್ಕ ಹಾಕಲು ಆಗುವುದಿಲ್ಲ, ಮೊದಲೇ ತಿಳಿದಿರಲಿ.

ವಕೀಲರ ಫೀಜಿಗೆ ಹೆದರಬೇಡಿ. ಯುಸಿ ಡೇವಿಸ್‌ನ ಕಾನೂನು ಶಾಲೆಯಲ್ಲಿ ನೆಲೆಸಿರುವ ಯುಸಿ ವಲಸೆ ಕಾನೂನು ಸೇವಾ ಕೇಂದ್ರ ವಿದ್ಯಾರ್ಥಿಗಳಿಗೂ ಅವರ ಹತ್ತಿರದ ಕುಟುಂಬಕ್ಕೂ ಉಚಿತವಾಗಿ ನೆರವಾಗುತ್ತದೆ. 2019ರ ಕಾನೂನಿನಂತೆ ಸ್ಟೇಟ್ ಯೂನಿವರ್ಸಿಟಿ ಮತ್ತು ಕಮ್ಯುನಿಟಿ ಕಾಲೇಜುಗಳಲ್ಲಿ 'ಡ್ರೀಮ್ ರಿಸೋರ್ಸ್ ಲಿಯಾಸನ್' ಎಂಬ ಸಿಬ್ಬಂದಿ ಇರುತ್ತಾರೆ. ಕಾಲೇಜು ಸೇರಿದ ವಾರವೇ ಅವರನ್ನು ಕಾಣಿ. ವಿದ್ಯಾರ್ಥಿಯ ದಾಖಲೆಗಳಿಗೆ 'ಫರ್ಪಾ' ಎಂಬ ಖಾಸಗಿತನದ ಕಾನೂನಿನ ರಕ್ಷಣೆಯಿದೆ, ಕೋರ್ಟ್ ಆದೇಶ ಬಂದರೆ ಮಾತು ಬೇರೆ. ಆದರೆ ಹೆಸರು, ವಿಳಾಸದಂಥ 'ಡೈರೆಕ್ಟರಿ' ವಿವರಗಳನ್ನು ಕಾಲೇಜು ಹೊರಗೆ ಕೊಡಬಹುದು. ಕೊಡಬೇಡಿ ಎಂದು ರಿಜಿಸ್ಟ್ರಾರ್ ಕಚೇರಿಗೆ ಬರೆದುಕೊಡಿ.

ಇದೆಲ್ಲ ಕ್ಯಾಲಿಫೋರ್ನಿಯಾದ ಮಾತು. ಟೆಕ್ಸಾಸ್‌ನಲ್ಲಿ ಇಂಥದೇ ಶುಲ್ಕ ರಿಯಾಯಿತಿ 2025ರ ಜೂನ್‌ನಲ್ಲಿ ಕೋರ್ಟ್ ಆದೇಶದಿಂದ ನಿಂತಿತು, ಫ್ಲೋರಿಡಾ ಅದೇ ವರ್ಷ ಹಿಂತೆಗೆದುಕೊಂಡಿತು. ರಾಜ್ಯ ಬದಲಾಯಿಸುವ ಮುನ್ನ ಅಲ್ಲಿನ ನಿಯಮ ನೋಡಿ. ಇಲ್ಲಿಯೂ ಪ್ರತಿ ವರ್ಷ ಕಾಲೇಜನ್ನೇ ಕೇಳಿ ಖಚಿತ ಮಾಡಿಕೊಳ್ಳಿ.

ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಮಗುವಿನ ಐ-94 (ದೇಶಕ್ಕೆ ಬಂದ ದಾಖಲೆ), ವೀಸಾ ಚಿತ್ರ ಹಾಕಿ ಸಲಹೆ ಕೇಳಬೇಡಿ, ಅದು ಎಲ್ಲೆಲ್ಲಿಗೆ ಹೋಗುತ್ತದೋ ಹೇಳಲಾಗದು. ಸಂಘದ ಪದಾಧಿಕಾರಿಗಳಿಗೆ ಪ್ರತ್ಯೇಕವಾಗಿ ಫೋನ್ ಮಾಡಿ. ಕಾನೂನು ಸಲಹೆ ನಾವು ಕೊಡುವುದಿಲ್ಲ. ಕಾಲೇಜಿನ ಕೇಂದ್ರಕ್ಕೆ ನಿಮ್ಮ ಜೊತೆ ಬರುತ್ತೇವೆ, ಇಂಗ್ಲಿಷ್ ತೊಡಕಾದರೆ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತೇವೆ, ಮಾತು ನಮ್ಮಿಂದ ಹೊರಗೆ ಹೋಗುವುದಿಲ್ಲ.