ಟ್ರೇಲರ್ ಮೇಲಿನ ದೋಣಿ ಕದಲದಂತೆ ಕಟ್ಟುವುದು ಹೇಗೆ?

ಸಣ್ಣ ದೋಣಿಯನ್ನು ಟ್ರೇಲರ್ ಮೇಲೇರಿಸಿ, ವಿಂಚಿನ (ಟ್ರೇಲರಿನ ಮುಂದಿರುವ, ಹಿಡಿ ತಿರುಗಿಸಿ ಎಳೆಯುವ ರಾಟೆಯ) ಬೆಲ್ಟನ್ನು ಬಿಗಿಯಾಗಿ ಎಳೆದ ಕೂಡಲೇ ಕಟ್ಟುವ ಕೆಲಸ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ವಿಂಚ್ ಇರುವುದು ದೋಣಿಯನ್ನು ನೀರಿನಿಂದ ಮೇಲಕ್ಕೆ ಎಳೆದುಕೊಳ್ಳುವುದಕ್ಕೇ ಹೊರತು, ದಾರಿಯುದ್ದಕ್ಕೂ ಅದನ್ನು ಹಿಡಿದಿಡುವುದಕ್ಕಲ್ಲ. ರಸ್ತೆಗಿಳಿದ ಮೇಲೆ ದೋಣಿಯು ಬ್ರೇಕ್ ಹಾಕಿದಾಗ ಮುಂದಕ್ಕೆ, ಏರು ಹತ್ತುವಾಗ ಹಿಂದಕ್ಕೆ, ತಿರುವಿನಲ್ಲಿ ಪಕ್ಕಕ್ಕೆ, ಗುಂಡಿ ಹಾರುವಾಗ ಮೇಲಕ್ಕೆ ಸರಿಯಲು ನೋಡುತ್ತದೆ. ಈ ನಾಲ್ಕು ದಿಕ್ಕುಗಳಲ್ಲಿ ಪ್ರತಿಯೊಂದನ್ನೂ ತಡೆಯುವ ಕಟ್ಟು ಯಾವುದು ಎಂದು ಬೆರಳಿಟ್ಟು ತೋರಿಸಲು ಬರುವಂತಿದ್ದರೆ ಮಾತ್ರ ದೋಣಿಯನ್ನು ಸರಿಯಾಗಿ ಕಟ್ಟಿದಂತೆ. ಸರಕನ್ನು ಭದ್ರಪಡಿಸುವ ಯುರೋಪಿನ ಮಾನದಂಡದಲ್ಲಿ, ರಸ್ತೆ ಸಾಗಣೆಗೆ ಮುಂದಕ್ಕೆ ಸರಕಿನ ತೂಕದ ಶೇ 80ರಷ್ಟು, ಹಿಂದಕ್ಕೆ ಶೇ 50ರಷ್ಟು ಬಲವನ್ನು ಲೆಕ್ಕ ಹಿಡಿಯುತ್ತಾರೆ. ಅಂದರೆ 300 ಕೆ.ಜಿ. ತೂಕದ ದೋಣಿ ಗಟ್ಟಿಯಾಗಿ ಬ್ರೇಕ್ ಹಾಕಿದಾಗ 240 ಕೆ.ಜಿ.ಯಷ್ಟು ಬಲದಿಂದ ಮುಂದಕ್ಕೆ ತಳ್ಳಬಹುದು.

ಮೊದಲು ಸರಿಯಾಗಿ ಕೂರಿಸಿ

ಬೆಲ್ಟಿಗೆ ಕೈ ಹಾಕುವ ಮೊದಲು ದೋಣಿ ಕೂತಿರುವ ರೀತಿಯನ್ನು ನೋಡಬೇಕು. ತಳದ ನಡುವಿನ ಏಣು ರೋಲರುಗಳ ಮೇಲೆ ನೇರವಾಗಿರಬೇಕು. ಎರಡೂ ಬದಿಯ ಆಧಾರಪಟ್ಟಿಗಳಿಗೆ ತಳ ಸಮವಾಗಿ ತಾಗಿರಬೇಕು. ಎಂಜಿನ್ ಕೂರುವ ಹಿಂಬದಿಯ ಹಲಗೆ ಆಧಾರಪಟ್ಟಿಯ ತುದಿಗಿಂತ ಹಿಂದಕ್ಕೆ ಚಾಚಿಕೊಂಡಿದ್ದರೆ, ಅತಿ ಹೆಚ್ಚು ಭಾರವಿರುವ ಜಾಗಕ್ಕೇ ಆಸರೆ ಇಲ್ಲದಂತಾಗಿ ಕಾಲಕ್ರಮದಲ್ಲಿ ತಳವೇ ಬಾಗುತ್ತದೆ. ದೋಣಿಯೊಳಗೆ ನಿಂತ ನೀರನ್ನು ಬಿರಡೆ ತೆಗೆದು ಪೂರ್ತಿ ಹರಿಸಬೇಕು. 50 ಲೀಟರ್ ನೀರು ಎಂದರೆ 50 ಕೆ.ಜಿ. ಭಾರ; ಅದು ಸುಮ್ಮನಿರುವ ಭಾರವಲ್ಲ, ಅತ್ತಿತ್ತ ಹರಿದಾಡುವ ಭಾರ.

ಟ್ರೇಲರಿನ ಮೂಕಿಯು ವಾಹನದ ಕೊಂಡಿಯ ಮೇಲೆ ಹೊರಿಸುವ ಭಾರವೂ ಈ ಹಂತದಲ್ಲೇ ತೀರ್ಮಾನವಾಗುತ್ತದೆ. ವಾಹನ ಮತ್ತು ಟ್ರೇಲರ್ ತಯಾರಕರು ನಿಗದಿಪಡಿಸಿದ ಮಿತಿಯೊಳಗೆ, ದೋಣಿ ಹೊತ್ತ ಟ್ರೇಲರಿನ ಒಟ್ಟು ತೂಕದ ಶೇ 5ರಿಂದ 10ರಷ್ಟು ಕೊಂಡಿಯ ಮೇಲೆ ಬೀಳುವುದು ದೋಣಿ ಟ್ರೇಲರುಗಳಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ. ಇದಕ್ಕಿಂತ ಕಡಿಮೆಯಾದರೆ, ವೇಗ ಹೆಚ್ಚಿದಂತೆ ಟ್ರೇಲರ್ ಬಾಲ ಬೀಸತೊಡಗುತ್ತದೆ. ಒಟ್ಟು 500 ಕೆ.ಜಿ. ಇದ್ದರೆ ಕೊಂಡಿಯ ಮೇಲೆ 25ರಿಂದ 50 ಕೆ.ಜಿ. ಇರಬೇಕಾಗುತ್ತದೆ. ಮನೆಯಲ್ಲಿ ತೂಕ ನೋಡಿಕೊಳ್ಳುವ ಯಂತ್ರದ ಮೇಲೆ ಮರದ ತುಂಡನ್ನು ನಿಲ್ಲಿಸಿ, ಎಳೆಯುವಾಗ ಇರುವ ಎತ್ತರದಲ್ಲೇ ಮೂಕಿಯನ್ನು ಅದರ ಮೇಲಿಟ್ಟು ಇದನ್ನು ಅಳೆಯಬಹುದು. ಭಾರ ಹೊಂದದಿದ್ದರೆ ಒಳಗಿನ ಸಾಮಾನನ್ನು ಮುಂದೆ ಹಿಂದೆ ಸರಿಸಬೇಕು. ಅದೂ ಸಾಲದಿದ್ದರೆ ವಿಂಚನ್ನು ಕೂರಿಸಿರುವ ಕಂಬವನ್ನೇ ಸರಿಸಬೇಕು.

ಮೂತಿಯ ಕಟ್ಟು

ಹೆಚ್ಚಿನವರು ಎಡವುವುದು ಇಲ್ಲಿ. ದೋಣಿಯ ಮೂತಿಯು ವಿಂಚ್ ಕಂಬದ ರಬ್ಬರ್ ರೋಲರಿಗೆ ಒತ್ತಿಕೊಂಡಿರಬೇಕು ಮತ್ತು ಮೂತಿಯಲ್ಲಿರುವ ಕಬ್ಬಿಣದ ಉಂಗುರವು ಆ ರೋಲರಿನ ಕೆಳಗೆ ಇರಬೇಕು. ಉಂಗುರ ಮೇಲಿದ್ದರೆ ಗುಂಡಿ ಹಾರಿದಾಗ ಮೂತಿಯನ್ನು ತಡೆಯುವುದಕ್ಕೆ ಏನೂ ಇರುವುದಿಲ್ಲ. ವಿಂಚಿನ ಬೆಲ್ಟ್ ದೋಣಿಯನ್ನು ಮುಂದಕ್ಕೆ ಮಾತ್ರ ಎಳೆಯುತ್ತದೆ. ಆದ್ದರಿಂದ ಅದು ದೋಣಿ ಹಿಂದೆ ಜಾರುವುದನ್ನು ತಡೆದೀತೇ ಹೊರತು, ಬ್ರೇಕ್ ಹಾಕಿದಾಗ ಮೂತಿ ರೋಲರನ್ನು ಹತ್ತಿ ಮುಂದೆ ನುಗ್ಗುವುದನ್ನು ತಡೆಯಲಾರದು. ಇದಕ್ಕಾಗಿ ಅದೇ ಉಂಗುರದಿಂದ ಇನ್ನೊಂದು ಬೆಲ್ಟನ್ನು ಕೆಳಕ್ಕೂ ಹಿಂದಕ್ಕೂ ಇಳಿಜಾರಾಗಿ ತಂದು ಟ್ರೇಲರಿನ ಚಾಸಿಸ್‌ಗೆ, ಅಂದರೆ ಅದರ ಕಬ್ಬಿಣದ ಚೌಕಟ್ಟಿಗೆ, ಬಿಗಿಯಬೇಕು. ಇವೆರಡರ ಜೊತೆಗೆ ಉಂಗುರದಿಂದ ಕಂಬಕ್ಕೆ ಗಿಡ್ಡ ಸರಪಳಿಯೊಂದನ್ನು ಡಿ-ಶಾಕಲ್ (ಪಿನ್ನಿನಿಂದ ಮುಚ್ಚುವ ಡಿ ಆಕಾರದ ಕೊಂಡಿ) ಹಾಕಿ ಸಿಕ್ಕಿಸಬೇಕು. ವಿಂಚಿನ ಹಲ್ಲು ಜಾರಿದರೂ ಬೆಲ್ಟ್ ಹರಿದರೂ ಕೊನೆಗೆ ಉಳಿಯುವುದು ಈ ಸರಪಳಿಯೇ.

ಹಿಂಬದಿಯ ಕಟ್ಟು

ಹಿಂಬದಿಯ ಹಲಗೆಯ ಎರಡು ಉಂಗುರಗಳಿಂದ ಎರಡು ಪ್ರತ್ಯೇಕ ಬೆಲ್ಟುಗಳು ಚಾಸಿಸ್‌ಗೆ ಇಳಿಯಬೇಕು. ಅವು ಗಿಡ್ಡವಾಗಿ, ಆದಷ್ಟೂ ನೆಟ್ಟಗೆ ಕೆಳಕ್ಕಿದ್ದಷ್ಟೂ ಹಿಡಿತ ಗಟ್ಟಿ. ಕೊಕ್ಕೆಯನ್ನು ಮಡ್‌ಗಾರ್ಡಿಗಾಗಲೀ ದೀಪದ ಪಟ್ಟಿಗಾಗಲೀ ಸಿಕ್ಕಿಸಬಾರದು, ಆಕ್ಸಲ್‌ಗಂತೂ ಕೂಡದು; ಸ್ಪ್ರಿಂಗಿನೊಂದಿಗೆ ಆಕ್ಸಲ್ ಮೇಲೆ ಕೆಳಗೆ ಆಡುವುದರಿಂದ ಬೆಲ್ಟ್ ಒಮ್ಮೆ ಸಡಿಲವಾಗಿ ಒಮ್ಮೆ ಜಗ್ಗುತ್ತದೆ. ಉಂಗುರಗಳಿಲ್ಲದ ದೋಣಿಯಾದರೆ ಒಂದು ಬೆಲ್ಟನ್ನು ಅಡ್ಡಲಾಗಿ ದೋಣಿಯ ಮೇಲಿಂದ ಹಾಯಿಸಿ, ಅಂಚು ತಾಗುವ ಕಡೆ ದಪ್ಪ ರಬ್ಬರನ್ನೋ ಹಳೆಯ ಕಾರ್ಪೆಟ್ ತುಂಡನ್ನೋ ಇಡಬೇಕು. ಒಳಗಡೆ ಆಸನದ ಹಲಗೆ ಅಡ್ಡ ನಿಂತ ಜಾಗದಲ್ಲೇ ಹಾಯಿಸಿದರೆ ಬದಿಗಳು ಒಳಕ್ಕೆ ಬಾಗುವುದಿಲ್ಲ.

ರಾಚೆಟ್ (ಹಿಡಿ ಆಡಿಸಿ ಬೆಲ್ಟನ್ನು ಬಿಗಿಮಾಡುವ ಹಲ್ಲಿನ ಸಾಧನ) ಬಳಸುವಾಗ ಬೆಲ್ಟನ್ನು ಅದರ ಸೀಳಿನೊಳಗೆ ತೂರಿಸಿ, ಸಡಿಲವನ್ನೆಲ್ಲ ಕೈಯಿಂದಲೇ ಎಳೆದು ತೆಗೆದು, ಅನಂತರ ಹಿಡಿಯನ್ನು ಆಡಿಸಬೇಕು. ದಂಡಕ್ಕೆ ಬೆಲ್ಟ್ ಎರಡು ಮೂರು ಸುತ್ತು, ಒಂದರ ಮೇಲೊಂದು ನೇರವಾಗಿ ಬಂದರೆ ಸಾಕು. ಓರೆಯಾಗಿ ಸುತ್ತಿಕೊಂಡರೆ ಬಿಚ್ಚುವಾಗ ಕಚ್ಚಿಕೊಳ್ಳುತ್ತದೆ. ಟ್ರೇಲರ್ ಹಾಗೂ ದೋಣಿ ಒಟ್ಟಾಗಿ ಅಲುಗುವಷ್ಟು ಬಿಗಿಯಾದರೆ ಅಲ್ಲಿಗೆ ನಿಲ್ಲಿಸಬೇಕು. ಶಕ್ತಿಯಿದ್ದಷ್ಟೂ ಎಳೆಯುವುದು ಫೈಬರ್ ದೋಣಿಗೆ ಒಳ್ಳೆಯದಲ್ಲ. ಗಾಳಿಗೆ ಬಡಿದುಕೊಂಡು ಗುಂಯ್‌ಗುಡುವ ಉದ್ದನೆಯ ಬೆಲ್ಟಿಗೆ ಒಂದು ಮುರಿ ಕೊಟ್ಟರೆ ಸದ್ದೂ ಸವೆತವೂ ತಗ್ಗುತ್ತವೆ.

ಬೆಲ್ಟಿಗೆ ಹೊಲಿದಿರುವ ಚೀಟಿಯಲ್ಲಿ ಎರಡು ತೂಕಗಳಿರಬಹುದು. ಒಂದು, ಬೆಲ್ಟ್ ಹರಿದುಹೋಗುವ ತೂಕ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಕೆಲಸಕ್ಕೆ ಒಪ್ಪುವ ತೂಕವನ್ನು, ಅದು ಸಾಮಾನ್ಯವಾಗಿ ಮೊದಲಿನದರ ಮೂರನೆಯ ಒಂದು ಭಾಗ. ನೈಲಾನಿಗಿಂತ ಪಾಲಿಯೆಸ್ಟರ್ ಕಡಿಮೆ ಹಿಗ್ಗುವುದರಿಂದ ಈ ಕೆಲಸಕ್ಕೆ ಅದೇ ಮೇಲು. ಅಂಚು ಕತ್ತರಿಸಿದ, ಬಿಸಿಲಿಗೆ ಬಣ್ಣ ಹೋಗಿ ಬಿರುಸಾದ ಬೆಲ್ಟನ್ನು ಗಂಟು ಹಾಕಿ ಬಳಸದೆ ಎಸೆಯುವುದೇ ಸರಿ.

ಚಿಕ್ಕ ಔಟ್‌ಬೋರ್ಡ್ (ಹಿಂಬದಿಯ ಹಲಗೆಗೆ ಹೊರಗಿನಿಂದ ಸಿಕ್ಕಿಸುವ) ಎಂಜಿನನ್ನು ಕಳಚಿ ಬೇರೆಯಾಗಿ ಒಯ್ಯುವುದು ಉತ್ತಮ. ಕಳಚಲಾಗದ ದೊಡ್ಡದನ್ನು ಎತ್ತಿ ನಿಲ್ಲಿಸಿದಾಗ, ಅದರ ಕೆಳಭಾಗದಿಂದ ಚಾಸಿಸ್‌ಗೆ ಒಂದು ಆಸರೆ ಕೋಲು ಕೊಟ್ಟರೆ ರಸ್ತೆಯ ಕುಲುಕಾಟವೆಲ್ಲ ಹಿಂಬದಿಯ ಹಲಗೆಯ ಮೇಲೇ ಬೀಳುವುದು ತಪ್ಪುತ್ತದೆ. ಲಂಗರು, ಹುಟ್ಟು, ಇಂಧನದ ಡಬ್ಬಿಗಳನ್ನೂ ಕಟ್ಟಬೇಕು. ಮೇಲೆ ಹೊದಿಸುವ ಟಾರ್ಪಾಲು ಮಳೆ ದೂಳಿಗಷ್ಟೇ. ಅದು ಏನನ್ನೂ ಹಿಡಿದಿಡುವುದಿಲ್ಲ.

ಹೊರಟ ಮೇಲೆ

ಕೊಂಡಿಯ ಬೀಗಕ್ಕೆ ಪಿನ್ ಹಾಕಿ, ಟ್ರೇಲರನ್ನು ವಾಹನಕ್ಕೆ ಜೋಡಿಸುವ ಸುರಕ್ಷತಾ ಸರಪಳಿಗಳನ್ನು ಮೂಕಿಯ ಕೆಳಗೆ ಒಂದಕ್ಕೊಂದು ಅಡ್ಡ ಹಾಯಿಸಿ, ದೀಪಗಳನ್ನೂ ಟೈರಿನ ಗಾಳಿಯನ್ನೂ ನೋಡಿಕೊಂಡು ಹೊರಡಬೇಕು. ಹತ್ತು ಹದಿನೈದು ಕಿಲೋಮೀಟರ್ ದಾಟುತ್ತಲೇ ಒಮ್ಮೆ ನಿಲ್ಲಿಸುವುದು ಕಡ್ಡಾಯವೆಂದೇ ತಿಳಿಯಬೇಕು. ಅಷ್ಟರಲ್ಲಿ ದೋಣಿ ಆಧಾರಪಟ್ಟಿಗಳ ಮೇಲೆ ಇಳಿದು ಕೂತು ಬೆಲ್ಟುಗಳು ಸಡಿಲವಾಗಿರುತ್ತವೆ. ಆಗಲೇ ಚಕ್ರದ ನಡುವಿನ ಗುಂಬವನ್ನು (ಹಬ್) ಹುಷಾರಾಗಿ ಮುಟ್ಟಿ ನೋಡಬಹುದು. ಒಂದು ಮಾತ್ರ ಇನ್ನೊಂದಕ್ಕಿಂತ ಬಹಳ ಬಿಸಿಯಾಗಿದ್ದರೆ ಬೇರಿಂಗಿನಲ್ಲಿ ಗ್ರೀಸ್ ಒಣಗಿರಬಹುದು ಅಥವಾ ಬ್ರೇಕ್ ಹಿಡಿದುಕೊಂಡಿರಬಹುದು.

ನೀರಿನ ಬಳಿ ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಸಮತಟ್ಟಾದ ಜಾಗದಲ್ಲಿ ಬಿರಡೆ ಹಾಕಿ, ಎಂಜಿನಿನ ಆಸರೆ ಕೋಲನ್ನೂ ಹಿಂಬದಿಯ ಬೆಲ್ಟುಗಳನ್ನೂ ತೆಗೆಯಬೇಕು. ಹಿಂಬದಿಯ ಬೆಲ್ಟ್ ಮರೆತರೆ ತೇಲತೊಡಗಿದ ದೋಣಿ ಟ್ರೇಲರನ್ನೂ ಎತ್ತಲು ಹೋಗುತ್ತದೆ. ಮೂತಿಯ ಸರಪಳಿ ಮತ್ತು ವಿಂಚಿನ ಬೆಲ್ಟನ್ನು ಮಾತ್ರ ದೋಣಿಯ ಹಿಂಭಾಗ ನೀರಿನಲ್ಲಿ ತೇಲುವ ತನಕ ಮುಟ್ಟಬಾರದು. ರೋಲರ್ ಇರುವ ಟ್ರೇಲರಿನಲ್ಲಿ ಇವನ್ನು ಇಳಿಜಾರಿನ ಮೇಲೇ ಬಿಚ್ಚಿದರೆ ದೋಣಿ ಕಾಂಕ್ರೀಟಿನ ಮೇಲೆ ಜಾರಿ ಬೀಳುತ್ತದೆ.